ಮೃಗಶಿರದ ಬೆಲೆಯೂ ವೈಶಾಖದ ನೀರೂ

ಬೇಸಿಗೆಯಲ್ಲಿ ಕೆರೆ-ಜಲಾಶಯಗಳ ಮೀನು ಹಿಡಿಯುವವರಿಗೆ ಒಂದು ಪಾಠ

ಹೋಳಿ ಹುಣ್ಣಿಮೆ ಕಳೆದು ಯುಗಾದಿ ಹತ್ತಿರ ಬಂತೆಂದರೆ ನಮ್ಮ ಭಾಗದಲ್ಲಿ ಹೊಲದ ಕೆಲಸ ಹಗುರಾಗುತ್ತದೆ. ತೊಗರಿ ಮಾರಿ ಆಗಿರುತ್ತದೆ; ಜೋಳ, ಕಡಲೆ ಕಣ ಕಂಡು ಮನೆ ಸೇರಿರುತ್ತವೆ. ಆದರೆ ಕೆರೆಯನ್ನು ನಂಬಿದವರಿಗೆ ಸುಗ್ಗಿ ಆರಂಭವಾಗುವುದೇ ಆಗ. ನೀರು ಇಳಿಯುತ್ತದೆ, ಮೀನು ಒಂದೆಡೆ ಕೂಡುತ್ತದೆ, ಬಲೆಗೆ ಸುಲಭವಾಗಿ ಬೀಳುತ್ತದೆ. ಅದೇ ನೀರು ಇನ್ನಷ್ಟು ಇಳಿದು ಬಿಸಿಯಾದರೆ ಒಂದೇ ರಾತ್ರಿಯಲ್ಲಿ ವರ್ಷದ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುವುದೂ ಉಂಟು. ಸುಗ್ಗಿಗೂ ನಾಶಕ್ಕೂ ನಡುವೆ ಕೆಲವೇ ವಾರಗಳ ಅಂತರ.

ಇದರ ಮೇಲೆ ಇನ್ನೊಂದು ತೊಡಕು ಇದೆ. ತೆಲಂಗಾಣದಲ್ಲಿ ಮೃಗಶಿರ ಮಳೆ ಕೂಡುವ ದಿನ, ಅಂದರೆ ಜೂನ್ 7-8ರ ಸುಮಾರಿಗೆ, ಮೀನು ಉಣ್ಣುವ ವಾಡಿಕೆ. ಆ ದಿನ ಜಹೀರಾಬಾದಿನಿಂದ ಹೈದರಾಬಾದಿನವರೆಗೆ ಪೇಟೆಯಲ್ಲಿ ಮೀನಿಗೆ ನೂಕುನುಗ್ಗಲು. ಆದಕಾರಣ ಅನೇಕರು ಚೈತ್ರದಲ್ಲಿ ಹಿಡಿಯಬಹುದಾದ ಮೀನನ್ನು ಹೆಚ್ಚಿನ ಬೆಲೆಯ ಆಸೆಯಿಂದ ಕೆರೆಯಲ್ಲೇ ಇಟ್ಟುಕೊಳ್ಳುತ್ತಾರೆ. ಆಸೆ ತಪ್ಪಲ್ಲ. ಆದರೆ ಬೆಲೆ ಏರುವ ದಿನಗಳೂ ನೀರು ಕೆಡುವ ದಿನಗಳೂ ಒಂದೇ ಆಗಿವೆ ಎಂಬುದನ್ನು ತಿಳಿದು ಆಸೆ ಪಡಬೇಕು. ಈ ಪಾಠದ ಸಾರ ಇಷ್ಟೇ.

ಕಾರವಾರ, ಹೊನ್ನಾವರ, ಮಲ್ಪೆಗಳ ಮೀನುಗಾರರು ಕಡಲಿಗೆ ಇಳಿಯುವ ಮುನ್ನ ಉಬ್ಬರವಿಳಿತ ನೋಡುತ್ತಾರೆ, ಗಾಳಿ ನೋಡುತ್ತಾರೆ, ಬಂಡೆ ಎಲ್ಲಿದೆಯೆಂದು ನೆನೆಯುತ್ತಾರೆ. ನಮಗೆ ಕಡಲಿಲ್ಲ, ಉಬ್ಬರವಿಳಿತವೂ ಇಲ್ಲ. ಆದರೂ ನಾವು ನೋಡಬೇಕಾದವು ಮೂರು ಉಂಟು: ನೀರಿನ ಬಿಸಿ, ನೀರಿನ ಬಣ್ಣ, ಗಾಳಿಯ ದಿಕ್ಕು. ಈ ಮೂರನ್ನು ಓದಬಲ್ಲವನಿಗೆ ಮೀನೂ ಸಿಕ್ಕುತ್ತದೆ, ಕೆರೆಯೂ ಉಳಿಯುತ್ತದೆ.

ನಮ್ಮ ನೀರಿನ ನೆಲೆಗಳು

ಮೊದಲು ನಮ್ಮಲ್ಲಿರುವ ನೀರು ಎಂಥದು ಎಂಬುದನ್ನು ನೋಡೋಣ. ದೊಡ್ಡ ನೀರೆಂದರೆ ಮಂಜೀರಾ ನದಿಯ ಸಿಂಗೂರು ಜಲಾಶಯ. ತುಂಬಿದಾಗ ಇದರಲ್ಲಿ ಸುಮಾರು 30 ಟಿ.ಎಂ.ಸಿ. ನೀರು ನಿಲ್ಲುತ್ತದೆ, ಹಿನ್ನೀರು ನಾರಾಯಣಖೇಡ, ಜಹೀರಾಬಾದ ಕಡೆಯ ಹಳ್ಳಿಗಳವರೆಗೆ ಚಾಚಿಕೊಳ್ಳುತ್ತದೆ. ನಾರಾಯಣಖೇಡದ ಕಡೆಗೆ ನಲ್ಲವಾಗು ಜಲಾಶಯ ಉಂಟು. ಜಹೀರಾಬಾದಿನ ಹತ್ತಿರ ಕೊತ್ತೂರಿನಲ್ಲಿ ನಾರಿಂಜಾ ಹಳ್ಳಕ್ಕೆ ಕಟ್ಟಿದ ಒಡ್ಡು ಉಂಟು. ಆ ಹಳ್ಳ ಮುಂದೆ ಬೀದರ ಜಿಲ್ಲೆಗೆ ಹರಿಯುತ್ತದೆ. ತಾಂಡೂರಿನವರಿಗೆ ಕಾಗಿಣಾ ನದಿಯ ಮಡುಗಳು, ಜುಂಟುಪಲ್ಲಿಯ ಕೆರೆ. ಇವಲ್ಲದೆ ಊರೂರಿಗೆ ಇರುವ ಸಣ್ಣ ಕೆರೆಗಳು, ಹೊಲದ ಕೃಷಿ ಹೊಂಡಗಳು. 2015ರಲ್ಲಿ ಆರಂಭವಾದ ಮಿಷನ್ ಕಾಕತೀಯ ಯೋಜನೆಯಲ್ಲಿ ರಾಜ್ಯದ ಅನೇಕ ಕೆರೆಗಳ ಹೂಳು ತೆಗೆಯಲಾಯಿತು. 2016ರಿಂದ ಸರಕಾರವು ಕೆರೆಗಳಿಗೆ ಮೀನಿನ ಮರಿ ಬಿಡುವ ಯೋಜನೆಯನ್ನು ಆರಂಭಿಸಿತು. ಹೀಗೆ ಹಿಂದೆ ಬರಿಯ ದನಕರುಗಳ ನೀರಾಗಿದ್ದ ಕೆರೆಗಳೂ ಮೀನಿನ ಕೆರೆಗಳಾದವು.

ದಂಡೆಯೂ ಎಲ್ಲ ಕಡೆ ಒಂದೇ ಅಲ್ಲ. ಜಹೀರಾಬಾದ ಭಾಗದಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು, ತೂತುತೂತಾಗಿ ಚೂಪಾಗಿ ನಿಂತಿರುತ್ತದೆ. ನಾರಾಯಣಖೇಡದ ಕಡೆ ಎರೆಮಣ್ಣು ಮತ್ತು ಕರಿಗಲ್ಲು. ತಾಂಡೂರಿನಲ್ಲಿ ಹಲಗೆಯ ಮೇಲೆ ಹಲಗೆ ಇಟ್ಟಂತೆ ಫರಸಿ ಕಲ್ಲು. ಕಲ್ಲು ತೆಗೆದು ಬಿಟ್ಟ ಗಣಿಗಳಲ್ಲಿಯೂ ನೀರು ತುಂಬಿ ಮೀನು ಬೆಳೆದಿರುವುದುಂಟು. ಯಾವ ದಂಡೆಯಲ್ಲಿ ಯಾವ ಎಚ್ಚರ ಬೇಕೆಂಬುದನ್ನು ಮುಂದೆ ಹೇಳುತ್ತೇವೆ.

ಬಿಸಿನೀರಿನಲ್ಲಿ ಗಾಳಿ ಕಡಿಮೆ

ಮೀನಿಗೂ ಉಸಿರು ಬೇಕು. ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು ಅದು ಕಿವಿರಿನಿಂದ ತೆಗೆದುಕೊಳ್ಳುತ್ತದೆ. ನೀರಿನಲ್ಲಿ ಗಾಳಿ ಕರಗಿರುವುದು ನಿಜವೇ ಎಂದು ಕೇಳುವವರು ಮನೆಯಲ್ಲಿ ಹೀಗೆ ಮಾಡಿ ನೋಡಬಹುದು. ಒಂದು ಪಾತ್ರೆಯಲ್ಲಿ ಕೊಡದ ತಣ್ಣೀರು ಹಾಕಿ ಸಣ್ಣ ಉರಿಯ ಮೇಲೆ ಇಡಿ. ಕುದಿಯುವುದಕ್ಕೆ ಬಹಳ ಮೊದಲೇ ಪಾತ್ರೆಯ ತಳಕ್ಕೂ ಬದಿಗೂ ಸಾಸಿವೆಯಂಥ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅವು ಉಗಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ನೀರು ಬೆಚ್ಚಗಾದಂತೆ ಗಾಳಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಬಿಟ್ಟುಕೊಡುತ್ತದೆ.

ಲೆಕ್ಕ ಹೀಗಿದೆ. 20 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಗಾಳಿಯಿಂದ ಹಿಡಿದಿಡಬಲ್ಲುದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. 35 ಡಿಗ್ರಿಗೆ ಏಳಕ್ಕಿಂತ ತುಸು ಕಡಿಮೆ. ಇದು ಸಮುದ್ರಮಟ್ಟದ ಲೆಕ್ಕ. ನಮ್ಮದು ಎತ್ತರದ ಸೀಮೆಯಾದ್ದರಿಂದ ಇನ್ನೂ ಸ್ವಲ್ಪ ಕಡಿಮೆಯೇ. ಗೆಂಡೆ ಜಾತಿಯ ಮೀನು ಸುಖವಾಗಿ ಬೆಳೆಯಲು ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಎರಡಕ್ಕೆ ಇಳಿದರೆ ಅದು ಮೇಲೆ ಬಂದು ಬಾಯಿ ಬಿಡುತ್ತದೆ.

ಇಲ್ಲಿ ಒಂದು ವಿಪರೀತವನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ನೀರು ಬೆಚ್ಚಗಾದಂತೆ ಮೀನಿನ ಮೈಯೂ ಬೆಚ್ಚಗಾಗಿ ಅದರ ಉಸಿರು ಹೆಚ್ಚುತ್ತದೆ. ಅಂದರೆ ದಾಸ್ತಾನು ಕಡಿಮೆಯಾದಾಗಲೇ ಉಣ್ಣುವವರ ಹಸಿವು ಹೆಚ್ಚಾಯಿತು. ನೀರು ಇಳಿದು ಕೆರೆ ಅರ್ಧವಾದರೆ ಅದೇ ಮೀನು ಅರ್ಧ ಮನೆಯಲ್ಲಿ ಇರಬೇಕು. ಚೈತ್ರ-ವೈಶಾಖದಲ್ಲಿ ಈ ಮೂರು ಕಷ್ಟಗಳೂ ಒಟ್ಟಿಗೆ ಬರುತ್ತವೆ.

ಹಗಲಿನ ಉಳಿತಾಯ, ರಾತ್ರಿಯ ಖರ್ಚು

ಕೆರೆಯ ನೀರು ಹಸಿರಾಗಿ ಕಾಣುವುದು ಅದರಲ್ಲಿರುವ ಕಣ್ಣಿಗೆ ಕಾಣದ ಸಸ್ಯಗಳಿಂದ. ಇವು ಬಿಸಿಲಿನಲ್ಲಿ ಪ್ರಾಣವಾಯುವನ್ನು ನೀರಿಗೆ ಬಿಡುತ್ತವೆ. ಆದ್ದರಿಂದ ಮಧ್ಯಾಹ್ನ ಎರಡು-ಮೂರು ಗಂಟೆಗೆ ಕೆರೆಯ ಪೆಟ್ಟಿಗೆ ತುಂಬಿರುತ್ತದೆ. ಕತ್ತಲಾದ ಮೇಲೆ ಅವೇ ಸಸ್ಯಗಳು ಉಸಿರಾಡುತ್ತವೆ, ಮೀನು ಉಸಿರಾಡುತ್ತದೆ, ತಳದ ಕೊಳೆಯೂ ತನ್ನ ಪಾಲು ತಿನ್ನುತ್ತದೆ. ರಾತ್ರಿಯಿಡೀ ಖರ್ಚು, ಒಂದು ಕಾಸೂ ಆದಾಯವಿಲ್ಲ. ಪೆಟ್ಟಿಗೆ ಬರಿದಾಗುವ ಹೊತ್ತು ಸೂರ್ಯ ಹುಟ್ಟುವುದಕ್ಕೆ ತುಸು ಮುಂಚೆ. ಆದಕಾರಣ ಕೆರೆಯ ಆರೋಗ್ಯ ತಿಳಿಯಬೇಕಾದರೆ ಮಧ್ಯಾಹ್ನ ಹೋಗಿ ನೋಡಿದರೆ ಸಾಲದು; ನಸುಕಿನ ನಾಲ್ಕರಿಂದ ಆರು ಗಂಟೆಯೊಳಗೆ ಹೋಗಬೇಕು.

ಹಸಿರು ಎಷ್ಟಿರಬೇಕು? ಅಂಗೈ ಅಗಲಿಸಿ ನೀರಿನಲ್ಲಿ ಮುಳುಗಿಸುತ್ತ ಹೋಗಿ. ಮೊಣಕೈಯವರೆಗೆ ಮುಳುಗುವಷ್ಟರಲ್ಲಿ ಅಂಗೈ ಮಸುಕಾದರೆ ನೀರು ಹದವಾಗಿದೆ. ಮಣಿಕಟ್ಟಿನ ಹತ್ತಿರಕ್ಕೇ ಕಾಣದಾದರೆ ಹಸಿರು ಅತಿಯಾಗಿದೆ. ಇನ್ನೂ ಚೊಕ್ಕ ಲೆಕ್ಕ ಬೇಕೆನ್ನುವವರು 20 ಸೆಂಟಿಮೀಟರ್ ಅಗಲದ ತಗಡಿನ ಬಿಲ್ಲೆಗೆ ಕಪ್ಪು-ಬಿಳಿ ಬಣ್ಣ ಬಳಿದು, ನಡುವೆ ಗುರುತು ಹಾಕಿದ ಹಗ್ಗ ಕಟ್ಟಿ ಇಳಿಬಿಡಲಿ. ಬಿಲ್ಲೆ 30-40 ಸೆಂಟಿಮೀಟರಿನಲ್ಲಿ ಮರೆಯಾದರೆ ಒಳ್ಳೆಯದು. 20ಕ್ಕಿಂತ ಮೇಲೆಯೇ ಮರೆಯಾದರೆ ಅಪಾಯ. ಅಂಥ ಕೆರೆಗೆ ಸಗಣಿ ಗೊಬ್ಬರ ಹಾಕುವುದನ್ನೂ ಹಿಂಡಿ-ತೌಡು ಹಾಕುವುದನ್ನೂ ಅಂದೇ ನಿಲ್ಲಿಸತಕ್ಕದ್ದು.

ಹಸಿರು ನೀರು ಒಂದೆರಡು ದಿನದಲ್ಲಿ ಥಟ್ಟನೆ ಕಂದಾದರೆ ಅಥವಾ ತಿಳಿಯಾದರೆ ‘ನೀರು ಸ್ವಚ್ಛವಾಯಿತು’ ಎಂದು ಹಿಗ್ಗಬಾರದು. ಆ ಸಸ್ಯಗಳೆಲ್ಲ ಸತ್ತು ತಳ ಸೇರಿದವು ಎಂದು ಅದರ ಅರ್ಥ. ಕೊಳೆಯುವಾಗ ಅವು ಉಳಿದ ಪ್ರಾಣವಾಯುವನ್ನೂ ನುಂಗುತ್ತವೆ.

ಮೊದಲ ಮಳೆಯ ಮೋಸ

‘ಬಿಸಿಲಿನಲ್ಲಿ ಸಾಯದ ಮೀನು ಮಳೆ ಬಂದ ಮರುದಿನ ಏಕೆ ಸತ್ತಿತು?’ ಎಂದು ಜನ ಕೇಳುವುದುಂಟು. ಯಾರೋ ವಿಷ ಹಾಕಿದರೆಂದು ಜಗಳಗಳೂ ಆಗುತ್ತವೆ. ಕಾರಣವನ್ನು ಒಂದು ಗಾಜಿನ ಲೋಟದಲ್ಲಿ ತೋರಿಸಬಹುದು. ಅರ್ಧ ಲೋಟ ತಣ್ಣೀರು ಹಾಕಿ, ಅದರ ಮೇಲೆ ಬಿಸಿಯಾದ, ಸಕ್ಕರೆ ಹಾಕದ ಕರಿ ಚಹವನ್ನು ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ ಇಳಿಬಿಡಿ. ಚಹ ಮೇಲೆಯೇ ನಿಲ್ಲುತ್ತದೆ, ತಣ್ಣೀರು ಕೆಳಗೆ. ಎರಡೂ ಬೇಗ ಕೂಡುವುದಿಲ್ಲ.

ಬೇಸಿಗೆಯ ಆಳವಾದ ಕೆರೆಯೂ ಹೀಗೆಯೇ. ಮೇಲಿನ ಪದರು ಬೆಚ್ಚಗೆ, ಕೆಳಗಿನದು ತಂಪು. ಮೇಲಿನ ಗಾಳಿ ಕೆಳಗೆ ಇಳಿಯದು. ತಳದಲ್ಲಿ ಎಲೆ, ಸಗಣಿ, ಸತ್ತ ಹುಳು ಕೊಳೆತು ಪ್ರಾಣವಾಯು ತೀರಿ, ಕೆಟ್ಟ ಮೊಟ್ಟೆಯ ವಾಸನೆಯ ವಿಷಗಾಳಿ ಸೇರಿಕೊಂಡಿರುತ್ತದೆ. ಅಶ್ವಿನಿ, ಭರಣಿ ಮಳೆಗಳಲ್ಲಿ ಸಂಜೆ ಬಿರುಗಾಳಿ ಎದ್ದು ಆಲಿಕಲ್ಲಿನೊಡನೆ ಮಳೆ ಸುರಿಯಿತೆನ್ನಿ. ತಂಪಾದ ಮಳೆನೀರು ಭಾರವಾದ್ದರಿಂದ ಕೆಳಗಿಳಿಯುತ್ತದೆ, ತಳದ ಕೆಟ್ಟ ನೀರು ಮೇಲೇಳುತ್ತದೆ, ಗಾಳಿಯು ಎಲ್ಲವನ್ನೂ ಕಲಕುತ್ತದೆ. ಹೊಲ-ತಿಪ್ಪೆಗಳ ಕೊಳೆಯೂ ಹರಿದು ಬರುತ್ತದೆ. ಮರುದಿನ ಮೋಡ ಮುಚ್ಚಿದರೆ ಬಿಸಿಲೂ ಇಲ್ಲ, ಹೊಸ ಪ್ರಾಣವಾಯುವೂ ಇಲ್ಲ. ಬೆಳಗಾಗುವುದರೊಳಗೆ ಮೀನು ತೇಲಿರುತ್ತದೆ. ತಾಂಡೂರಿನ ಕಲ್ಲುಗಣಿಗಳಂಥ ಆಳವಾದ, ಗಾಳಿ ಬೀಸದ ನೀರಿನಲ್ಲಿ ಈ ಭಯ ಇನ್ನೂ ಹೆಚ್ಚು.

ಮೊದಲು ಬಾಯಿ ಬಿಡುವವು ಬೆಳ್ಳಿಗೆಂಡೆ, ಕಾಟ್ಲಾ, ಆಮೇಲೆ ರೋಹು. ನಮ್ಮಲ್ಲಿ ಕೊರ್ರಮೀನು, ಮರಲ್ ಎಂದು ಕರೆಯುವ ಮೀನು ಮಾತ್ರ ಸುಲಭಕ್ಕೆ ಸಾಯದು. ತಲೆಯೊಳಗಿನ ವಿಶೇಷ ಅಂಗದಿಂದ ಅದು ಮೇಲಿನ ಗಾಳಿಯನ್ನೇ ಉಸಿರಾಡಬಲ್ಲುದು. 2016ರಲ್ಲಿ ತೆಲಂಗಾಣ ಸರಕಾರ ಇದನ್ನೇ ರಾಜ್ಯದ ಮೀನೆಂದು ಸಾರಿತು. ಕಾಟ್ಲಾ ಸತ್ತು ಮರಲ್ ಬದುಕಿದ್ದರೆ ಅದು ವಿಷದ ಕೆಲಸವಲ್ಲ, ಉಸಿರಿನ ಕೊರತೆ ಎಂದು ಮೊದಲು ಶಂಕಿಸಬೇಕು. ನೆರೆಯವನ ಮೇಲೆ ದೂರು ಹೊರಿಸುವ ಮುನ್ನ ಇಷ್ಟನ್ನಾದರೂ ನೋಡುವುದು ನ್ಯಾಯ.

ಮೀನು ಎಲ್ಲಿ, ಯಾವಾಗ?

ಮೀನು ತಿನ್ನುವ ಬಗೆಯನ್ನು ಅದರ ಬಾಯಿಯೇ ಹೇಳುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ. ಅದು ಮೇಲಿನ ನೀರಿನಲ್ಲಿ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್ ಮೀನಿನ ಬಾಯಿ ಕೆಳಗೆ ತಿರುಗಿದೆ. ಅದೂ ಸಾಮಾನ್ಯ ಗೆಂಡೆಯೂ ತಳದಲ್ಲಿ ಮೇಯುತ್ತವೆ. ಬಲೆಯ ಎತ್ತರ, ಗಾಳದ ಆಳ ಇದಕ್ಕೆ ತಕ್ಕಂತೆ ಇರಬೇಕು.

ಮಾಘ-ಫಾಲ್ಗುಣದಲ್ಲಿ ಮುಂಜಾವಿನ ನೀರು ತಂಪಾಗಿರುವುದರಿಂದ ಮೀನು ಬಿಸಿಲೇರಿದ ಮೇಲೆ, ಹತ್ತರಿಂದ ಮೂರರವರೆಗೆ, ಚುರುಕಾಗುತ್ತದೆ. ಯುಗಾದಿಯ ನಂತರ ಇದು ತಿರುಗಿಬೀಳುತ್ತದೆ. ಆಗ ಹೊತ್ತು ಹುಟ್ಟಿದ ಮೇಲಿನ ಎರಡು ತಾಸು, ಹೊತ್ತು ಮುಳುಗುವ ಮೊದಲಿನ ಒಂದೂವರೆ ತಾಸು ಒಳ್ಳೆಯದು. ನಡುಹಗಲಿನಲ್ಲಿ ಮೀನು ತುಸು ಆಳಕ್ಕೆ, ಬಂಡೆಯ ನೆರಳಿಗೆ, ಜೊಂಡಿನ ಅಂಚಿಗೆ ಸರಿಯುತ್ತದೆ. ಆದರೆ ತೀರ ತಳಕ್ಕೆ ಇಳಿಯದು. ಅಲ್ಲಿ ಉಸಿರಿಲ್ಲವೆಂಬುದನ್ನು ಈಗಾಗಲೇ ನೋಡಿದೆವು. ಆದ್ದರಿಂದ ಆಳದ ನೀರಿನಲ್ಲಿ ಬಲೆಯನ್ನು ತಳಕ್ಕೆ ಮುಟ್ಟಿಸಿ ಕೂಡುವುದು ವ್ಯರ್ಥ.

ಗಾಳಿಯ ದಿಕ್ಕು ನೋಡಬೇಕು. ಗಾಳಿ ಒಂದೇ ಕಡೆಯಿಂದ ಎರಡು ದಿನ ಬೀಸಿದರೆ ಮೇಲಿನ ನೀರೂ ಅದರೊಳಗಿನ ಸಣ್ಣ ಜೀವಿಗಳೂ ಎದುರು ದಂಡೆಗೆ ಸೇರುತ್ತವೆ. ಅಲೆ ಬಡಿಯುವ ಆ ದಂಡೆಯಲ್ಲಿ ಪ್ರಾಣವಾಯುವೂ ಹೆಚ್ಚು. ಕಾಟ್ಲಾ ಅಲ್ಲಿಗೆ ಬರುತ್ತದೆ. ನಿಂತವನಿಗೆ ಗಾಳಿ ಮುಖಕ್ಕೆ ಹೊಡೆಯುವ ದಂಡೆ ಕಷ್ಟದ್ದು, ಆದರೆ ಮೀನು ಅಲ್ಲಿದೆ. ಹಳ್ಳ ಬಂದು ಕೆರೆ ಸೇರುವ ಬಾಯಿ, ತೂಬಿನಿಂದ ನೀರು ಬೀಳುವ ಜಾಗ, ಮುಳುಗಿದ ಹಳೆಯ ದಾರಿ, ಒಡ್ಡಿನ ಕಲ್ಲುಕಟ್ಟಣೆಯ ಅಂಚು ಇವೂ ಒಳ್ಳೆಯ ನೆಲೆಗಳು.

ಗಾಳ ಹಾಕುವವರು ರೋಹು, ಗೆಂಡೆಗಳಿಗೆ ಶೇಂಗಾ ಹಿಂಡಿಯನ್ನು ಗೋದಿ ಹಿಟ್ಟಿನೊಡನೆ ಕಲಸಿ ಉಂಡೆ ಮಾಡಬೇಕು. ಉಂಡೆ ನೀರಿನಲ್ಲಿ ಕೆಲವು ನಿಮಿಷ ಕರಗದೆ ಇರುವಷ್ಟು ಗಟ್ಟಿ ಇರಲಿ. ತಳದ ಮೀನಿಗೆ ಎರೆಹುಳು ನಡೆಯುತ್ತದೆ. ಮರಲ್ ಬೇಟೆಯ ಮೀನು. ಜೊಂಡಿನ ಬದಿಗೆ ಸಣ್ಣ ಮೀನು ಕಟ್ಟಿದ ಗಾಳಕ್ಕೆ ಬೀಳುತ್ತದೆ. ಊರಕೆರೆಯ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘದ್ದಾಗಿರುತ್ತದೆ. ಹವ್ಯಾಸಕ್ಕೆ ಗಾಳ ಹಿಡಿದು ಹೋಗುವವರು ಸಂಘದ ಹಿರಿಯರನ್ನು ಕೇಳಿಯೇ ಕೂಡಬೇಕು.

ಬಲೆಯ ಕಣ್ಣು ಸಣ್ಣದಿರಬಾರದು. ಕಳೆದ ಮಳೆಗಾಲದಲ್ಲಿ ಬಿಟ್ಟ ಮರಿ ಈಗ ಬೆಳೆಯುವ ಹದದಲ್ಲಿದೆ. ಕಾಲು ಕಿಲೋ ಮೀನು ಹಿಡಿದು ಮಾರುವವನು ಒಂದು ಕಿಲೋ ಆಗಬಹುದಾದ ಮೀನನ್ನು ಮಾರಿದಂತೆ. ನೀರು ಉಳಿಯುವ ದೊಡ್ಡ ಕೆರೆಯಲ್ಲಿ ಸಣ್ಣದನ್ನು ಬಿಡಬೇಕು. ಒಣಗಿಹೋಗುವ ಸಣ್ಣ ಕೆರೆಯಲ್ಲಿ ಮಾತ್ರ ಈ ನಿಯಮ ಸಡಿಲ.

ಕಲ್ಲು ದಂಡೆ, ಬಿರುಗಾಳಿ, ಸಿಡಿಲು

ಮೀನಿಗಿಂತ ಹಿಡಿಯುವವನ ಜೀವ ದೊಡ್ಡದು. ನೀರು ಇಳಿದಾಗ ಹೊರಬೀಳುವ ಕಲ್ಲು ಪಾಚಿ ಕಟ್ಟಿ ಎಣ್ಣೆ ಬಳಿದಂತಿರುತ್ತದೆ. ಫರಸಿ ಕಲ್ಲಿನ ಹಲಗೆಗಳ ಕೆಳಗೆ ನೀರು ಮಣ್ಣನ್ನು ಕೊರೆದು ಪೊಳ್ಳಾಗಿಸಿರುತ್ತದೆ. ಅಂಚಿನ ಮೇಲೆ ನಿಂತರೆ ಹಲಗೆ ಜಾರಬಹುದು. ಕಲ್ಲುಗಣಿಯಲ್ಲಿ ಇಳಿಜಾರೆಂಬುದೇ ಇಲ್ಲ, ಒಂದು ಹೆಜ್ಜೆಗೆ ಮೊಣಕಾಲು, ಮರುಹೆಜ್ಜೆಗೆ ಆಳ. ಈಜು ಬಲ್ಲವನಿಗೂ ಹತ್ತಿಬರಲು ಹಿಡಿಕೆ ಸಿಕ್ಕದು. ಒಬ್ಬನೇ ಅಲ್ಲಿಗೆ ಹೋಗಲೇಬಾರದು. ಒಂದು ಉದ್ದನೆಯ ಹಗ್ಗ, ಮುಚ್ಚಳ ಬಿಗಿದ ಖಾಲಿ ಡಬ್ಬಿ ಜೊತೆಗಿರಲಿ. ಎರೆಮಣ್ಣಿನ ದಂಡೆಯಲ್ಲಿ ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಕೆಸರು. ದನ ಹುಗಿದುಬೀಳುವುದು ಅಲ್ಲಿಯೇ. ಕೋಲಿನಿಂದ ಚುಚ್ಚಿ ನೋಡಿ ನಡೆಯಬೇಕು.

ಥರ್ಮಾಕೋಲ್ ತೆಪ್ಪದ ಮೇಲೆ ದೂರ ಹೋಗಿ ಬಲೆ ಹಾಕುವವರು ನಮ್ಮಲ್ಲಿ ಅನೇಕರು. ತೆಪ್ಪ ಹಗುರ, ಗಾಳಿಯ ಕೈಗೊಂಬೆ. ಸಿಂಗೂರಿನಂಥ ಅಗಲದ ನೀರಿನಲ್ಲಿ ವೈಶಾಖದ ಸಂಜೆಯ ಬಿರುಗಾಳಿ ಹತ್ತು ನಿಮಿಷದಲ್ಲಿ ಅಲೆ ಎಬ್ಬಿಸುತ್ತದೆ. ಬಲೆಯನ್ನು ಬೆಳಗಿನ ತಂಪಿನಲ್ಲಿ ಎತ್ತಿ, ಮಧ್ಯಾಹ್ನ ಎರಡರೊಳಗೆ ದಂಡೆ ಸೇರುವ ರೂಢಿ ಇಟ್ಟುಕೊಳ್ಳಬೇಕು. ತೇಲುವ ಅಂಗಿಗೆ ಕೊಟ್ಟ ಹಣ ಒಂದು ದಿನದ ಮೀನಿನಲ್ಲಿ ಮರಳಿ ಬರುತ್ತದೆ. ಜೀವ ಮರಳಿ ಬಾರದು.

ಮಿಂಚು ಕಂಡ ಕೂಡಲೆ ಎಣಿಸಲಾರಂಭಿಸಿ. ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬುದು ತಿಳಿಯುತ್ತದೆ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಅದು ಹತ್ತು ಕಿಲೋಮೀಟರಿನೊಳಗೆ ಬಂತು. ನೀರನ್ನೂ ಒಡ್ಡನ್ನೂ ಬಿಟ್ಟು ಗಟ್ಟಿ ಮನೆ ಸೇರಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ಕಡೆಯ ಗುಡುಗು ಕೇಳಿ ಅರ್ಧ ತಾಸು ಕಳೆಯುವವರೆಗೆ ಹಿಂತಿರುಗಬಾರದು. ಮೊಬೈಲ್ ಇರುವವರು ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ಯನ್ನು ಹಾಕಿಕೊಳ್ಳುವುದು ಲೇಸು.

ಮಂಜೀರಾದಲ್ಲಿ ಮೊಸಳೆಗಳಿವೆ. ಸಿಂಗೂರಿನ ಕೆಳಗಿನ ಭಾಗವನ್ನು 1978ರಲ್ಲಿ ಅಭಯಾರಣ್ಯವೆಂದು ಸಾರಲಾಗಿದೆ. ಅಲ್ಲಿ ಬಲೆ ಹಾಕಬಾರದು. ಫಾಲ್ಗುಣ-ಚೈತ್ರ ಮೊಸಳೆ ದಂಡೆಯ ಮರಳಿನಲ್ಲಿ ಮೊಟ್ಟೆಯಿಡುವ ಕಾಲ. ಆಮೇಲೆ ಮರಿಯಾಗುವವರೆಗೆ ತಾಯಿ ಹತ್ತಿರವೇ ಇರುತ್ತದೆ. ಹೊಟ್ಟೆ ಎಳೆದ ಗುರುತು ಕಂಡರೆ ಆ ದಂಡೆಯನ್ನೇ ಬಿಡುವುದು ಜಾಣತನ.

ಹಿಡಿಯುವುದು ಯಾವಾಗ? ಒಂದು ಲೆಕ್ಕ

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಲೆಕ್ಕ ತಿಳಿಯಲೆಂದು ಕೆಲವು ಅಂಕಿ ಇಟ್ಟುಕೊಳ್ಳುತ್ತೇವೆ. ವಾಚಕರು ತಮ್ಮ ಊರಿನ ಬೆಲೆ ಹಾಕಿಕೊಳ್ಳಲಿ. ಕೆರೆಯಲ್ಲಿ 1,000 ಕಿಲೋ ಮೀನಿದೆ. ಯುಗಾದಿಯಲ್ಲಿ ಕಿಲೋಗೆ 100 ರೂಪಾಯಿ, ಮೃಗಶಿರಕ್ಕೆ 140. ಯುಗಾದಿಗೆ ಎಲ್ಲ ಮಾರಿದರೆ ಒಂದು ಲಕ್ಷ. ಮೃಗಶಿರದವರೆಗೆ ಎಲ್ಲ ಕಾದರೆ, ಮೀನು ಉಳಿದರೆ 1,40,000, ಸತ್ತರೆ ಸೊನ್ನೆ.

ಏಳು ವರ್ಷ ಹೀಗೆ ಕಾದ ಇಬ್ಬರನ್ನು ಹೋಲಿಸಿ. ಪ್ರತಿವರ್ಷ ಯುಗಾದಿಗೆ ಮಾರಿದವನಿಗೆ ಏಳು ಲಕ್ಷ. ಕಾದವನಿಗೆ ಐದು ವರ್ಷ ಫಲಿಸಿ ಎರಡು ವರ್ಷ ಕೆರೆ ಸತ್ತರೆ ಅವನಿಗೂ ಏಳು ಲಕ್ಷವೇ. ಏಳರಲ್ಲಿ ಮೂರು ಸಲ ಸತ್ತರೆ ಕಾದವನು ಸೋತ. ಇದರಲ್ಲಿ ಕೈಗಡ ಸಾಲದ ಬಡ್ಡಿಯನ್ನೂ, ಸೊನ್ನೆ ಬಂದ ವರ್ಷ ಮನೆ ನಡೆಸುವ ಕಷ್ಟವನ್ನೂ ಹಿಡಿದಿಲ್ಲ. ತನ್ನ ಕೆರೆ ಕಳೆದ ಏಳು ವರ್ಷಗಳಲ್ಲಿ ಎಷ್ಟು ಸಲ ಕೆಟ್ಟಿತು ಎಂಬುದನ್ನು ಸಂಘದವರು ಕೂತು ನೆನಪಿಸಿಕೊಂಡರೆ ಉತ್ತರ ತಾನಾಗಿ ಬರುತ್ತದೆ.

ಮೂರನೆಯ ದಾರಿಯೂ ಉಂಟು. ಯುಗಾದಿಯಿಂದ ಅಕ್ಷಯ ತದಿಗೆಯೊಳಗೆ 600 ಕಿಲೋ ಮಾರಿ, 400 ಕಿಲೋ ಮೃಗಶಿರಕ್ಕೆ ಇಡುವುದು. ಮೊದಲಿನದರಿಂದ 60,000 ಕೈಗೆ ಬಂತು, ಇದು ಹೋಗುವುದಿಲ್ಲ. ಉಳಿದದ್ದು ಬದುಕಿದರೆ 56,000 ಸೇರಿ 1,16,000. ಇದರಲ್ಲಿ ಇನ್ನೊಂದು ಗುಣವಿದೆ: ಮೀನು ಕಡಿಮೆಯಾದ್ದರಿಂದ ಉಳಿದ ಮೀನಿಗೆ ಉಸಿರು ಹೆಚ್ಚು ಸಿಕ್ಕುತ್ತದೆ, ಸಾಯುವ ಭಯವೇ ಕಡಿಮೆಯಾಗುತ್ತದೆ. ನೀರು ಇಳಿದಷ್ಟು ಮೀನನ್ನೂ ಇಳಿಸುತ್ತ ಹೋಗುವುದು ನಮಗೆ ಒಳ್ಳೆಯದೆಂದು ತೋರುವ ಮಾರ್ಗ. ಕೆರೆ ಅರ್ಧವಾಯಿತೆ? ಮೀನೂ ಅರ್ಧವಾಗಲಿ. ಮೊದಲು ಉಸಿರು ತಾಳದ ಬೆಳ್ಳಿಗೆಂಡೆ, ಕಾಟ್ಲಾಗಳನ್ನು ಹಿಡಿಯಿರಿ. ಮೃಗಶಿರಕ್ಕೆ ಮರಲ್ ಇಡಿರಿ. ಅದು ಕೆಟ್ಟ ನೀರಿನಲ್ಲಿಯೂ ತಾಳುತ್ತದೆ, ಜೀವಂತವಾಗಿ ಪೇಟೆ ಸೇರುತ್ತದೆ.

ಹಿಡಿದ ಮೀನಿಗೆ ಬೇಸಿಗೆಯಲ್ಲಿ ಸಮತೂಕದ ಮಂಜುಗಡ್ಡೆ ಬೇಕು. ಮಂಜಿಗೆ ಜಿಪುಣತನ ಮಾಡಿದವನು ಬೆಲೆಯಲ್ಲಿ ಅದನ್ನು ತೆರುತ್ತಾನೆ.

ಮೀನು ಬಾಯಿ ಬಿಟ್ಟಾಗ

ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಒಂದು ಸಣ್ಣ ಕಲ್ಲೆಸೆದು ನೋಡಿ. ಥಟ್ಟನೆ ಮುಳುಗಿ ಮರಳದಿದ್ದರೆ ಆಟದ ಮೀನು. ಮುಳುಗಿದಂತೆ ಮಾಡಿ ಮತ್ತೆ ಮೇಲೆ ಬಂದರೆ ಉಸಿರಿನ ಕಷ್ಟ. ಕೂಡಲೆ ಪಂಪುಸೆಟ್ಟು ಹಾಕಿ ಅದೇ ಕೆರೆಯ ಮೇಲಿನ ನೀರನ್ನೆತ್ತಿ, ಕೊಳವೆಯ ಬಾಯನ್ನು ಎತ್ತರಕ್ಕೆ ಕಟ್ಟಿ, ಕಲ್ಲುಹಲಗೆಯ ಮೇಲೆ ಇಲ್ಲವೆ ತೂತಿನ ತಗಡಿನ ಮೇಲೆ ಬೀಳುವಂತೆ ಮಾಡಬೇಕು. ನೀರು ಚೂರುಚೂರಾಗಿ ಬಿದ್ದಷ್ಟೂ ಗಾಳಿ ಸೇರುತ್ತದೆ. ಕೊಳವೆ ಬಾವಿಯ ನೀರು ಬಿಡುವವರೂ ಹೀಗೆಯೇ ಮಾಡಬೇಕು. ನೆಲದಿಂದ ಬಂದ ನೀರಿನಲ್ಲಿ ಪ್ರಾಣವಾಯು ಕಡಿಮೆ. ಬಿಸಿಲು ಚೆನ್ನಾಗಿ ಏರುವವರೆಗೆ ಪಂಪು ನಡೆಯಲಿ.

ಆ ಹೊತ್ತಿನಲ್ಲಿ ಕೆರೆಗೆ ಇಳಿದು ಕೆಸರು ಕಲಕಬಾರದು, ಎಳೆಬಲೆ ಎಳೆಯಬಾರದು, ತಿನಿಸು ಹಾಕಬಾರದು. ಗಾಬರಿಯಿಂದ ಸುಟ್ಟ ಸುಣ್ಣ ಸುರಿಯಬಾರದು. ಹಸಿರು ನೀರು ಹಗಲಿನಲ್ಲಿ ಮೊದಲೇ ಕ್ಷಾರವಾಗಿರುತ್ತದೆ, ಸುಣ್ಣ ಅದನ್ನು ಇನ್ನೂ ಏರಿಸುತ್ತದೆ. ಸತ್ತು ಊದಿದ ಮೀನನ್ನು ಪೇಟೆಗೆ ಕಳಿಸಬಾರದು. ದೂರದಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಹುಗಿಯಬೇಕು.

ನೀರು ಇಳಿದಿದೆಯೆಂದು ಸಿಡಿಮದ್ದು ಸಿಡಿಸುವುದು, ವಿಷ ಬೆರೆಸುವುದು ಈ ದಿನಗಳಲ್ಲಿಯೇ ಹೆಚ್ಚು. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವೇ ಇವೆರಡನ್ನೂ ಅಪರಾಧವೆಂದು ಹೇಳಿದೆ. ವಿದ್ಯುತ್ ತಂತಿ ಬಿಡುವವನು ಮೀನಿಗಿಂತ ಮೊದಲು ತಾನೇ ಹೋದ ನಿದರ್ಶನಗಳುಂಟು.

ಮೃಗಶಿರದ ನಂತರ ಬಲೆ ಒಣಗಲಿ

ಮಳೆ ಹಿಡಿದು ಹಳ್ಳ ಬಂದಾಗ ಮೊಟ್ಟೆ ತುಂಬಿದ ಮೀನು ಹೊಸನೀರಿಗೆ ಎದುರಾಗಿ ಏರುತ್ತದೆ. ಆಗ ಹಳ್ಳದ ಬಾಯಿಗೆ ಅಡ್ಡ ಬಲೆ ಕಟ್ಟಿದರೆ ಒಂದು ದಿನದ ಹಬ್ಬ, ವರ್ಷದ ಉಪವಾಸ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅಷ್ಟು ದೊಡ್ಡ ಕಡಲಿಗೇ ಎರಡು ತಿಂಗಳ ವಿಶ್ರಾಂತಿ ಬೇಕಾದರೆ ನಮ್ಮ ಕೆರೆಗೆ ಬೇಡವೆ?

ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಹರಿವ ಪ್ರವಾಹ ಬೇಕು. 1957ರ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಗ್ರಂಥಿರಸದ ಚುಚ್ಚುಮದ್ದಿನಿಂದ ಈ ಜಾತಿಯ ಮೀನುಗಳಿಗೆ ಮೊಟ್ಟೆಯಿಡಿಸಿದರು. ಇಂದು ಕೆರೆಗೆ ಬಿಡುವ ಮರಿಗಳೆಲ್ಲ ಆ ವಿದ್ಯೆಯ ಫಲ. ಜುಲೈ 10ನ್ನು ರಾಷ್ಟ್ರೀಯ ಮೀನುಕೃಷಿಕರ ದಿನವೆಂದು ಆಚರಿಸುವುದೂ ಇದರಿಂದಲೇ. ಆದರೆ ಮರಲ್‌ಗೆ ಈ ಹಂಗಿಲ್ಲ. ಅದು ಜೊಂಡಿನ ನಡುವೆ ಗೂಡು ಮಾಡಿ ಮೊಟ್ಟೆಯಿಟ್ಟು ತಂದೆತಾಯಿ ಕಾವಲಿರುತ್ತವೆ. ಕೆಂಪು-ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪು ಮೇಲೆ ಕಂಡರೆ ಕೆಳಗೆ ಕಾವಲುಗಾರನಿದ್ದಾನೆಂದು ತಿಳಿಯಬೇಕು. ಅವನನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು.

ಕಾಲಕ್ರಮದ ಕೆಲಸ

ಹೋಳಿಯಿಂದ ಯುಗಾದಿ: ನೀರಿನ ಮಟ್ಟಕ್ಕೆ ಗುರುತಿನ ಕಲ್ಲು ನೆಡುವುದು, ಮೊದಲ ಬಲೆ ಎಳೆದು ಮೀನಿನ ತೂಕ ನೋಡುವುದು.

ರೇವತಿ-ಅಶ್ವಿನಿ: ದೊಡ್ಡ ಕಾಟ್ಲಾಗಳನ್ನು ಹಿಡಿಯುವುದು, ಗೊಬ್ಬರ ನಿಲ್ಲಿಸುವುದು, ಪಂಪು, ಕೊಳವೆ ಸಿದ್ಧವಿಡುವುದು.

ಭರಣಿ-ಕೃತ್ತಿಕಾ: ದಿನವೂ ನಸುಕಿನಲ್ಲಿ ಕೆರೆ ನೋಡುವುದು, ಸಂಜೆ ಮಳೆ ಬಂದರೆ ಆ ರಾತ್ರಿ ಕಾವಲು, ನೀರು ಇಳಿದಷ್ಟು ಮೀನು ಇಳಿಸುವುದು.

ರೋಹಿಣಿ: ಉಳಿದದ್ದನ್ನು ಮೃಗಶಿರದ ಪೇಟೆಗೆ ಅಣಿಗೊಳಿಸುವುದು; ಮಂಜುಗಡ್ಡೆ ಮೊದಲೇ ಹೇಳಿಡುವುದು.

ಮೃಗಶಿರದ ಮಾರಾಟ ಮುಗಿದ ಮೇಲೆ: ಬಲೆ ಒಣಗಿಸಿ ಹೊಲಿಯುವುದು, ಹಳ್ಳದ ಬಾಯಿ ತೆರೆದಿಡುವುದು.

ಅಭ್ಯಾಸ

ಮನೆಯ ಮಕ್ಕಳು ಈ ಪ್ರಶ್ನೆಗಳಿಗೆ ಉತ್ತರ ಬರೆದು ಹಿರಿಯರಿಗೆ ಓದಿ ಹೇಳಲಿ.

1. ಮಧ್ಯಾಹ್ನ ಚೆನ್ನಾಗಿದ್ದ ಕೆರೆ ನಸುಕಿನಲ್ಲಿ ಏಕೆ ಕೆಡುತ್ತದೆ?

2. ಮಿಂಚು ಕಂಡು 18 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಎಷ್ಟು ದೂರ? ಆಗ ಏನು ಮಾಡಬೇಕು?

3. ನಿಮ್ಮ ಊರಿನ ಮೀನಿನ ಬೆಲೆ ಯುಗಾದಿಗೆ ಎಷ್ಟಿತ್ತು, ಮೃಗಶಿರಕ್ಕೆ ಎಷ್ಟಾಯಿತು? ಎಷ್ಟು ವರ್ಷಕ್ಕೆ ಎಷ್ಟು ಸಲ ಕೆರೆ ಕೆಟ್ಟರೂ ಕಾಯುವುದು ನಷ್ಟವಲ್ಲ, ಲೆಕ್ಕ ಮಾಡಿ.

ಮೂರನೆಯ ಉತ್ತರವನ್ನು ಸಂಘದ ಗೋಡೆಗೆ ಅಂಟಿಸಿದರೆ ಮುಂದಿನ ಚೈತ್ರದಲ್ಲಿ ಬಲೆ ಇಳಿಸುವ ದಿನದ ಬಗ್ಗೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.